ರಕ್ತ ಕ್ಯಾನ್ಸರ್: ಆಕರಕೋಶ ಸಂಶೋಧನೆ ಮತ್ತು ಹೊಸ ಚಿಕಿತ್ಸೆಗಳು

ರಕ್ತ, ಅಸ್ಥಿಮಜ್ಜೆ ಮತ್ತು ದುಗ್ಧರಸ ವ್ಯೂಹದ ಕೋಶಗಳು ಹತೋಟಿ ಮೀರಿ ಬೆಳೆಯುವುದರಿಂದ ಬರುವ ರೋಗಗಳಿಗೆ ರಕ್ತ ಕ್ಯಾನ್ಸರ್ ಎಂಬುದು ಸಾಮಾನ್ಯ ಹೆಸರು. ಲ್ಯುಕೇಮಿಯ, ಲಿಂಫೋಮ ಮತ್ತು ಮೈಲೋಮ ಇವುಗಳ ಮೂರು ಮುಖ್ಯ ಪಂಗಡಗಳು. 2022ರ ಜಾಗತಿಕ ಅಂದಾಜಿನ ಪ್ರಕಾರ ಮೂರೂ ಸೇರಿ ವರ್ಷಕ್ಕೆ ಸುಮಾರು 13 ಲಕ್ಷ ಮಂದಿಯಲ್ಲಿ ಈ ರೋಗಗಳು ಹೊಸದಾಗಿ ಪತ್ತೆಯಾಗುತ್ತವೆ. ದೇಹದ ತುಂಬ ಹರಿದಾಡುವ ರೋಗವಾದ್ದರಿಂದ ಇದನ್ನು ಸ್ತನದ ಅಥವಾ ಕರುಳಿನ ಗಂತಿಯಂತೆ ಕೊಯ್ದು ತೆಗೆಯಲು ಬರುವುದಿಲ್ಲ. ರಕ್ತ ಹುಟ್ಟುವ ಮೂಲಕ್ಕೇ ಚಿಕಿತ್ಸೆ ತಲುಪಬೇಕು. ಆ ಮೂಲವೇ ರಕ್ತದ ಆಕರಕೋಶ. ಆಸ್ಪತ್ರೆಗಳಲ್ಲಿ ಸ್ಟೆಮ್ ಸೆಲ್ ಎಂದೂ, ಪತ್ರಿಕೆಗಳಲ್ಲಿ ಕಾಂಡಕೋಶ ಎಂದೂ ಹೇಳುವುದು ಇದನ್ನೇ.

ನಾಶವಾದ ಮಜ್ಜೆಯನ್ನು ಮತ್ತೆ ಬೆಳೆಸುವುದಕ್ಕೆಂದು ಆಕರಕೋಶದ ಕಸಿ ಆರಂಭವಾಯಿತು. ರೋಗವನ್ನು ಬೇರುಸಹಿತ ಕೀಳುವ ಶಕ್ತಿ ಬಹುಮಟ್ಟಿಗೆ ದಾನಿಯ ಮಜ್ಜೆಯ ಜೊತೆಗೆ ಬರುವ ರೋಗನಿರೋಧಕ ಕೋಶಗಳಲ್ಲಿದೆ ಎಂಬುದು ಗೊತ್ತಾದದ್ದು ಆಮೇಲೆ. ಜೀವಂತ ಕೋಶವೇ ಔಷಧವಾಗಬಲ್ಲದು ಎಂಬ ಆ ತಿಳಿವಳಿಕೆಯಿಂದ ಇಂದಿನ ಕಾರ್-ಟಿ ಚಿಕಿತ್ಸೆಯವರೆಗೆ ನೇರವಾದ ದಾರಿಯಿದೆ.

ರಕ್ತ ಹುಟ್ಟುವ ಬಗೆ

ವಯಸ್ಕರ ದೇಹದಲ್ಲಿ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳು ಹುಟ್ಟುತ್ತವೆ. ಒಂದು ಕೆಂಪು ಕಣ ಬದುಕುವುದು ಸುಮಾರು 120 ದಿನ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳ ಆಯಸ್ಸು ಒಂದು ವಾರದಿಂದ ಹತ್ತು ದಿನ. ಸೋಂಕನ್ನು ಮೊದಲು ಎದುರಿಸುವ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳದು ಇನ್ನೂ ಕಡಿಮೆ. ಹೀಗೆ ಎಡೆಬಿಡದೆ ಸವೆಯುವ ರಕ್ತವನ್ನು ತುಂಬಿಕೊಡುವುದು ಸೊಂಟ, ಬೆನ್ನೆಲುಬಿನ ಮಣಿಗಳು, ಎದೆಗೂಡಿನಂಥ ಎಲುಬುಗಳೊಳಗಿನ ಕೆಂಪು ಮಜ್ಜೆ.

ಮಜ್ಜೆಯ ಕೋಶಗಳಲ್ಲಿ ಬಹುಪಾಲು ಆಗಲೇ ಒಂದಲ್ಲ ಒಂದು ಬಗೆಯ ರಕ್ತಕಣವಾಗುವ ಹಾದಿ ಹಿಡಿದಿರುತ್ತವೆ. ಹತ್ತು ಸಾವಿರದಲ್ಲಿ ಒಂದೋ ಅದಕ್ಕೂ ವಿರಳವೋ ಆದ ಆಕರಕೋಶ ಮಾತ್ರ ಎರಡು ಕೆಲಸಗಳನ್ನು ಮಾಡಬಲ್ಲದು: ತನ್ನಂಥದೇ ಕೋಶವನ್ನು ಮತ್ತೆ ಹುಟ್ಟಿಸುವುದು, ಎಲ್ಲ ಬಗೆಯ ರಕ್ತಕಣಗಳಿಗೂ ಮೂಲವಾಗುವುದು. ಆರೋಗ್ಯವಂತ ವಯಸ್ಕರಲ್ಲಿ ರಕ್ತ ತಯಾರಿಗೆ ಕೈಹಾಕಿರುವ ಆಕರಕೋಶಗಳ ಸಂಖ್ಯೆ 50 ಸಾವಿರದಿಂದ 2 ಲಕ್ಷದ ನಡುವೆ ಇರಬಹುದೆಂದು 2018ರ ಒಂದು ಅಧ್ಯಯನ ಲೆಕ್ಕಹಾಕಿದೆ. ಇವು ಹೆಚ್ಚಿನ ಕಾಲ ವಿಭಜನೆಯಾಗದೆ ಸುಮ್ಮನಿರುತ್ತವೆ. ಮಜ್ಜೆಯಲ್ಲಿ ಇವುಗಳಿಗೆ ನೆಲೆಯೊದಗಿಸುವ, ಸುತ್ತಲಿನ ಕೋಶಗಳಿಂದ ಆದ ಜಾಗವೊಂದು ಇದೆ ಎಂಬ ವಾದವನ್ನು 1978ರಲ್ಲಿ ರೇ ಸ್ಕೋಫೀಲ್ಡ್ ಮುಂದಿಟ್ಟರು. ನಂತರದ ಸಂಶೋಧನೆ ಅದನ್ನು ಎತ್ತಿಹಿಡಿಯಿತು.

ರೋಗದ ಬಗೆಗಳು

ಲ್ಯುಕೇಮಿಯದಲ್ಲಿ ಮಜ್ಜೆಯ ಬಿಳಿ ಕೋಶಗಳು ಪಕ್ವವಾಗದೆಯೇ ಹೆಚ್ಚಿ ಉಳಿದ ಕೋಶಗಳಿಗೆ ಜಾಗವಿಲ್ಲದಂತೆ ಮಾಡುತ್ತವೆ, ಇಲ್ಲವೇ ಪಕ್ವವಾದರೂ ಮಿತಿಮೀರಿ ತುಂಬಿಕೊಳ್ಳುತ್ತವೆ. ರಕ್ತಹೀನತೆ, ಪದೇಪದೇ ಸೋಂಕು, ಚರ್ಮದಡಿ ರಕ್ತಸ್ರಾವ ಇದರ ಫಲ. ವಾರಗಳಲ್ಲಿ ಉಲ್ಬಣಿಸುವುದನ್ನು ತೀವ್ರ, ವರ್ಷಗಟ್ಟಲೆ ಎಳೆಯುವುದನ್ನು ದೀರ್ಘಕಾಲಿಕ ಎಂದೂ, ಕೋಶದ ಕುಲವನ್ನು ನೋಡಿ ಲಿಂಫಾಯ್ಡ್ ಅಥವಾ ಮೈಲಾಯ್ಡ್ ಎಂದೂ ವಿಂಗಡಿಸುತ್ತಾರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ತೀವ್ರ ಲಿಂಫಾಯ್ಡ್ ಲ್ಯುಕೇಮಿಯ. ದುಗ್ಧಗ್ರಂಥಿಗಳಲ್ಲಿ ಬೇರೂರುವುದು ಲಿಂಫೋಮ. ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್ ಮೈಲೋಮ. ಇದು ಎಲುಬುಗಳನ್ನು ಟೊಳ್ಳಾಗಿಸುತ್ತದೆ, ಮೂತ್ರಪಿಂಡಗಳನ್ನು ಕೆಡಿಸುತ್ತದೆ.

1845ರಲ್ಲಿ ಎಡಿನ್‌ಬರೊದ ಜಾನ್ ಹ್ಯೂಸ್ ಬೆನೆಟ್ ಮತ್ತು ಬರ್ಲಿನ್‌ನ ರುಡಾಲ್ಫ್ ವಿರ್ಕೋ ಬೇರೆಬೇರೆಯಾಗಿ ಲ್ಯುಕೇಮಿಯವನ್ನು ವಿವರಿಸಿದರು. ರಕ್ತ ಹುಟ್ಟುವುದು ಅಸ್ಥಿಮಜ್ಜೆಯಲ್ಲಿ ಎಂಬುದನ್ನು 1868ರಲ್ಲಿ ಅರ್ನ್ಸ್ಟ್ ನಾಯ್‌ಮನ್ ತೋರಿಸಿದರು. ಆದರೂ ಔಷಧದ ಮಾತು ಬರಲು 20ನೆಯ ಶತಮಾನದ ನಡುಭಾಗವಾಗಬೇಕಾಯಿತು. 1948ರಲ್ಲಿ ಬಾಸ್ಟನ್‌ನ ಸಿಡ್ನಿ ಫಾರ್ಬರ್, ಲ್ಯುಕೇಮಿಯ ಇದ್ದ ಮಕ್ಕಳಲ್ಲಿ ಅಮಿನೊಪ್ಟೆರಿನ್ ಎಂಬ ಫೋಲಿಕ್ ಆಮ್ಲ ವಿರೋಧಿಯಿಂದ ರೋಗ ತಾತ್ಕಾಲಿಕವಾಗಿ ಶಮನಗೊಂಡದ್ದನ್ನು ವರದಿ ಮಾಡಿದರು. ಆ ಔಷಧ ಬಂದದ್ದು ಲೆಡರ್ಲೆ ಪ್ರಯೋಗಾಲಯದಲ್ಲಿ ಆಂಧ್ರದ ಭೀಮಾವರಂ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ನಡೆಸುತ್ತಿದ್ದ ತಂಡದಿಂದ. ಅದೇ ಬಳಗದ ಮೆಥೊಟ್ರೆಕ್ಸೇಟ್ ಇಂದಿಗೂ ಲ್ಯುಕೇಮಿಯ ಚಿಕಿತ್ಸೆಯ ಭಾಗ. ಹಲವು ಔಷಧಗಳನ್ನು ಸೇರಿಸಿ ಕೊಡುವ ಕ್ರಮ ಬೆಳೆದು, ಒಂದು ಕಾಲಕ್ಕೆ ತಿಂಗಳುಗಳಲ್ಲೇ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ತೀವ್ರ ಲಿಂಫಾಯ್ಡ್ ಲ್ಯುಕೇಮಿಯದಲ್ಲಿ ಶ್ರೀಮಂತ ದೇಶಗಳ ಸುಮಾರು 90% ಮಕ್ಕಳು ಐದು ವರ್ಷ ದಾಟಿ ಬದುಕುತ್ತಿದ್ದಾರೆ.

ಆಕರಕೋಶದ ಪತ್ತೆ

ಕಸಿಯ ಸಂಶೋಧನೆಗೆ ಒತ್ತು ಸಿಕ್ಕಿದ್ದು ಅಣುಬಾಂಬಿನಿಂದ. 1945ರ ನಂತರ ಹಿರೋಷಿಮಾ, ನಾಗಾಸಾಕಿಗಳಲ್ಲಿ ವಿಕಿರಣದಿಂದ ಮಜ್ಜೆ ನಾಶವಾಗಿ ಸತ್ತವರ ವಿವರ ತಿಳಿದಾಗ, ಮಜ್ಜೆಯನ್ನು ಉಳಿಸುವ ಅಥವಾ ಮತ್ತೆ ಬೆಳೆಸುವ ದಾರಿಯ ಹುಡುಕಾಟ ಚುರುಕಾಯಿತು. 1949ರಲ್ಲಿ ಷಿಕಾಗೊದ ಲಿಯಾನ್ ಜೇಕಬ್‌ಸನ್, ಇಲಿಯ ಗುಲ್ಮಕ್ಕೆ ಸೀಸದ ಮರೆ ಕಟ್ಟಿ ವಿಕಿರಣ ಹಾಯಿಸಿದರೆ ಇಲಿ ಬದುಕುತ್ತದೆ ಎಂದು ಕಂಡುಕೊಂಡರು. ಮರೆಯಿಲ್ಲದ ಇಲಿಗೂ ಇನ್ನೊಂದರ ಮಜ್ಜೆಯನ್ನು ಚುಚ್ಚಿದರೆ ಅದು ಉಳಿಯುತ್ತದೆ ಎಂಬುದು 1951ರಲ್ಲಿ ತಿಳಿಯಿತು. ಉಳಿಸುತ್ತಿರುವುದು ಮಜ್ಜೆಯಲ್ಲಿರುವ ಯಾವುದೋ ರಾಸಾಯನಿಕವೋ ಕೋಶವೋ ಎಂಬ ಚರ್ಚೆ ಕೆಲವು ವರ್ಷ ನಡೆಯಿತು. ಗುರುತಿಸಬಲ್ಲ ವರ್ಣತಂತು ಇದ್ದ ಮಜ್ಜೆಯನ್ನು ಬಳಸಿದ ಬ್ರಿಟಿಷ್ ವಿಜ್ಞಾನಿಗಳು 1956ರಲ್ಲಿ, ಚೇತರಿಸಿಕೊಂಡ ಇಲಿಯ ರಕ್ತಕಣಗಳೆಲ್ಲ ದಾನಿಯವೇ ಎಂದು ತೋರಿಸಿ ಚರ್ಚೆಗೆ ತೆರೆ ಎಳೆದರು.

ಆ ಕೋಶ ಯಾವುದು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಟೊರಾಂಟೊದಲ್ಲಿ. ಭೌತವಿಜ್ಞಾನಿ ಜೇಮ್ಸ್ ಟಿಲ್ ಮತ್ತು ವೈದ್ಯ ಅರ್ನೆಸ್ಟ್ ಮೆಕ್ಯುಲಾ, ವಿಕಿರಣಕ್ಕೆ ಒಡ್ಡಿದ ಇಲಿಗಳಿಗೆ ಬೇರೆಬೇರೆ ಪ್ರಮಾಣದಲ್ಲಿ ಮಜ್ಜೆ ಚುಚ್ಚುತ್ತಿದ್ದರು. ಹತ್ತು ದಿನಗಳ ಬಳಿಕ ಇಲಿಗಳನ್ನು ಕೊಯ್ದು ನೋಡಿದಾಗ ಗುಲ್ಮದ ಮೇಲೆ ಕಣ್ಣಿಗೆ ಕಾಣುವಷ್ಟು ದೊಡ್ಡ ಗುಬುಟುಗಳಿದ್ದವು. ಅವುಗಳನ್ನು ಎಣಿಸಿದರೆ, ಚುಚ್ಚಿದ ಕೋಶಗಳ ಸಂಖ್ಯೆಗೆ ತಕ್ಕಂತೆ ಗುಬುಟುಗಳ ಸಂಖ್ಯೆಯೂ ಏರುತ್ತಿತ್ತು; ಸುಮಾರು ಹತ್ತು ಸಾವಿರ ಕೋಶಗಳಿಗೆ ಒಂದು. ಪ್ರತಿ ಗುಬುಟಿನೊಳಗೂ ಹಲವು ಬಗೆಯ ರಕ್ತಕೋಶಗಳಿದ್ದವು. 1961ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಎರಡು ವರ್ಷಗಳ ನಂತರ ಆಂಡ್ರ್ಯೂ ಬೆಕರ್ ಜೊತೆಗೂಡಿ, ಒಂದು ಗುಬುಟಿನ ಕೋಶಗಳೆಲ್ಲ ಒಂದೇ ತಾಯಿಕೋಶದಿಂದ ಬಂದವು ಎಂಬುದನ್ನು ವಿಕಿರಣದಿಂದ ಮೂಡಿದ ವರ್ಣತಂತು ಗುರುತುಗಳ ನೆರವಿನಿಂದ ಸಾಬೀತುಪಡಿಸಿದರು. ಅಲ್ಲಿಯವರೆಗೆ ಊಹೆಯಾಗಿದ್ದ ಆಕರಕೋಶವನ್ನು ಅಳೆಯುವ ವಿಧಾನ ಕೈಗೆ ಬಂತು. 1988ರಲ್ಲಿ ಸ್ಟಾನ್‌ಫರ್ಡ್‌ನ ಇರ್ವಿಂಗ್ ವೈಸ್‌ಮನ್ ತಂಡ ಇಲಿಯ ಮಜ್ಜೆಯಿಂದ ಈ ಕೋಶಗಳನ್ನು ಹೆಕ್ಕಿ ಬೇರ್ಪಡಿಸಿತು. ಮನುಷ್ಯರಲ್ಲಿ ಇವುಗಳನ್ನು ಗುರುತಿಸಲು ಸಿಡಿ34 ಎಂಬ ಮೇಲ್ಮೈ ಪ್ರೋಟೀನು ಇಂದು ಎಲ್ಲ ಕಸಿ ಘಟಕಗಳಲ್ಲೂ ಬಳಕೆಯಲ್ಲಿದೆ.

ಕಸಿಯ ಇತಿಹಾಸ

ಮನುಷ್ಯರ ಮೇಲಿನ ಮೊದಲ ಪ್ರಯತ್ನಗಳು ನಿರಾಶೆ ತಂದವು. ಅಮೆರಿಕದ ಕೂಪರ್ಸ್‌ಟೌನ್‌ನಲ್ಲಿದ್ದ ಡಾನಲ್ ಥಾಮಸ್ 1957ರಲ್ಲಿ ಆರು ರೋಗಿಗಳಿಗೆ ಮಜ್ಜೆ ನೀಡಿದ್ದನ್ನು ವರದಿ ಮಾಡಿದರು. ಅವರಲ್ಲಿ ಯಾರೂ ನೂರು ದಿನ ದಾಟಲಿಲ್ಲ. 1958ರಲ್ಲಿ ಯುಗೊಸ್ಲಾವಿಯದ ವಿಂಚಾ ರಿಯಾಕ್ಟರ್ ಅಪಘಾತಕ್ಕೆ ಸಿಕ್ಕ ವಿಜ್ಞಾನಿಗಳಿಗೆ ಪ್ಯಾರಿಸ್‌ನಲ್ಲಿ ಜಾರ್ಜ್ ಮಾತೆ ಮಜ್ಜೆ ನೀಡಿದರು. ಎಲ್ಲರಿಗೂ ಹೊಂದುವ ಮಜ್ಜೆ ಎಂಬುದಿಲ್ಲ ಎಂಬುದು ಈ ವರ್ಷಗಳಲ್ಲಿ ಮನವರಿಕೆಯಾಯಿತು. ಅದೇ ವರ್ಷ ಝಾನ್ ದೊಸೆ ಬಿಳಿ ಕಣಗಳ ಮೇಲಿರುವ ಎಚ್‌ಎಲ್‌ಎ ಗುರುತುಗಳಲ್ಲಿ ಮೊದಲನೆಯದನ್ನು ವಿವರಿಸಿದರು. ದೇಹ ತನ್ನದನ್ನೂ ಪರರದನ್ನೂ ಬೇರ್ಪಡಿಸುವ ಗುರುತಿನ ಚೀಟಿ ಇದು. ದಾನಿ ಮತ್ತು ರೋಗಿಯ ಎಚ್‌ಎಲ್‌ಎ ಹೊಂದಿದರೆ ಮಾತ್ರ ಕಸಿ ನೆಲೆಯೂರುತ್ತದೆ ಎಂಬುದು ಆ ಕಾಲದ ನಿಯಮವಾಯಿತು.

1968ರಲ್ಲಿ ಮಿನೆಸೋಟದಲ್ಲಿ ರಾಬರ್ಟ್ ಗುಡ್ ತಂಡ, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯಿಲ್ಲದ ಮಗುವೊಂದಕ್ಕೆ ಅಕ್ಕನ ಮಜ್ಜೆ ನೀಡಿ ಯಶಸ್ಸು ಕಂಡಿತು. ಸಿಯಾಟಲ್‌ಗೆ ಹೋದ ಥಾಮಸ್, ಬೇರೆಲ್ಲ ಚಿಕಿತ್ಸೆ ಸೋತ 100 ಲ್ಯುಕೇಮಿಯ ರೋಗಿಗಳ ಕಸಿಯ ಫಲಿತಾಂಶವನ್ನು 1977ರಲ್ಲಿ ಪ್ರಕಟಿಸಿದರು. ಹದಿಮೂರು ಮಂದಿ ದೀರ್ಘಕಾಲ ಬದುಕುಳಿದಿದ್ದರು. ಸಾವಿನ ಅಂಚಿನಲ್ಲಿದ್ದ ರೋಗಿಗಳಲ್ಲೇ ಇಷ್ಟು ಸಾಧ್ಯವಾದರೆ, ರೋಗ ಶಮನಗೊಂಡ ಹಂತದಲ್ಲೇ ಕಸಿ ಮಾಡಿದರೆ ಹೇಗೆ ಎಂಬ ವಿಚಾರ ಅಲ್ಲಿಂದ ಬೆಳೆಯಿತು, ಫಲವನ್ನೂ ಕೊಟ್ಟಿತು. 1990ರ ವೈದ್ಯವಿಜ್ಞಾನದ ನೊಬೆಲ್ ಥಾಮಸ್ ಮತ್ತು ಮೂತ್ರಪಿಂಡ ಕಸಿಯ ಜೋಸೆಫ್ ಮರೆ ಅವರಿಗೆ ಸಂದಿತು. 2012ರ ಕೊನೆಯ ವೇಳೆಗೆ ಜಗತ್ತಿನಲ್ಲಿ ಹತ್ತು ಲಕ್ಷ ಆಕರಕೋಶ ಕಸಿಗಳು ನಡೆದಿದ್ದವು.

ಕಸಿ ನಡೆಯುವ ರೀತಿ

ಕಸಿ ಎಂದರೆ ಶಸ್ತ್ರಕ್ರಿಯೆಯಲ್ಲ. ಎರಡು ಬಗೆಗಳಿವೆ. ರೋಗಿಯದೇ ಆಕರಕೋಶವನ್ನು ಮೊದಲೇ ತೆಗೆದು ಶೈತ್ಯದಲ್ಲಿಟ್ಟು, ಕೀಮೋಥೆರಪಿಯ ಭಾರೀ ಪ್ರಮಾಣದ ನಂತರ ಹಿಂದಿರುಗಿಸುವುದು ಸ್ವಂತ ಕಸಿ. ಮೈಲೋಮ ಮತ್ತು ಮರುಕಳಿಸಿದ ಲಿಂಫೋಮಗಳಲ್ಲಿ ಹೆಚ್ಚು ಬಳಕೆ. ಇನ್ನೊಬ್ಬರ ಕೋಶ ಬಳಸುವುದು ದಾನಿ ಕಸಿ. ತೀವ್ರ ಲ್ಯುಕೇಮಿಯಗಳಲ್ಲಿ ಇದೇ ಮುಖ್ಯ.

ಹಿಂದೆ ದಾನಿಗೆ ಅರಿವಳಿಕೆ ಕೊಟ್ಟು ಸೊಂಟದ ಎಲುಬಿನಿಂದ ಮಜ್ಜೆಯನ್ನು ಸೂಜಿಯಲ್ಲಿ ಹೀರುತ್ತಿದ್ದರು. ಈಗ ಹೆಚ್ಚಾಗಿ ನಾಲ್ಕೈದು ದಿನ ಜಿ-ಸಿಎಸ್‌ಎಫ್ ಚುಚ್ಚುಮದ್ದು ಕೊಡುತ್ತಾರೆ. ಅದರಿಂದ ಆಕರಕೋಶಗಳು ಮಜ್ಜೆಯಿಂದ ರಕ್ತಕ್ಕೆ ಇಳಿಯುತ್ತವೆ. ದಾನಿಯ ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ, ಬೇಕಾದ ಕೋಶಗಳು ಚೀಲಕ್ಕೆ ಬಿದ್ದು, ಉಳಿದ ರಕ್ತ ಇನ್ನೊಂದು ತೋಳಿಗೆ ಮರಳುತ್ತದೆ. ನಾಲ್ಕೈದು ಗಂಟೆಯ ಕೆಲಸ. ಎಲುಬು ನೋವು, ಜ್ವರ ಬಂದಂಥ ಮೈಕೈ ನೋವು ಕೆಲವು ದಿನ ಇರಬಹುದು. ತೆಗೆದ ಕೋಶಗಳನ್ನು ದಾನಿಯ ದೇಹ ಮತ್ತೆ ತುಂಬಿಕೊಳ್ಳುತ್ತದೆ.

ಇತ್ತ ರೋಗಿಗೆ ವಾರದ ಕಾಲ ಕೀಮೋಥೆರಪಿ, ಕೆಲವರಿಗೆ ವಿಕಿರಣವೂ ಕೊಟ್ಟು ಹಳೆಯ ಮಜ್ಜೆಯನ್ನು ಬರಿದು ಮಾಡುತ್ತಾರೆ. ಕೋಶಗಳನ್ನು ಕೊಡುವ ದಿನ ಕಸಿ ಘಟಕದ ಲೆಕ್ಕದಲ್ಲಿ ಸೊನ್ನೆಯ ದಿನ. ಅಂದು ನಡೆಯುವುದು ನೋಡುವವರಿಗೆ ರಕ್ತ ಏರಿಸಿದಂತೆಯೇ. ರೋಗಿಯ ತೂಕದ ಪ್ರತಿ ಕಿಲೋಗೆ ಇಪ್ಪತ್ತರಿಂದ ಐವತ್ತು ಲಕ್ಷ ಸಿಡಿ34 ಕೋಶಗಳಿರುವ ಚೀಲವನ್ನು ಎದೆಯ ಬಳಿಯ ದೊಡ್ಡ ರಕ್ತನಾಳದ ನಳಿಕೆಗೆ ಜೋಡಿಸುತ್ತಾರೆ. ಶೈತ್ಯದಲ್ಲಿಟ್ಟ ಕೋಶಗಳಾಗಿದ್ದರೆ ಅವುಗಳನ್ನು ಕಾಪಾಡಲು ಬೆರೆಸಿದ ದ್ರಾವಕದಿಂದ ಕೋಣೆಯಲ್ಲಿ ಒಂದೆರಡು ದಿನ ಬೆಳ್ಳುಳ್ಳಿಯಂಥ ವಾಸನೆ ಇರುತ್ತದೆ. ಎಲುಬಿಗೆ ಯಾರೂ ಏನನ್ನೂ ಚುಚ್ಚುವುದಿಲ್ಲ. ಮಜ್ಜೆ ಹೊರಸೂಸುವ ರಾಸಾಯನಿಕ ಸುಳಿವನ್ನು ಹಿಡಿದು ಆಕರಕೋಶಗಳು ತಾವೇ ಅಲ್ಲಿಗೆ ಹೋಗಿ ಸೇರುತ್ತವೆ.

ಮುಂದಿನ ಎರಡು ಮೂರು ವಾರ ಬಲು ಕಷ್ಟದವು. ಬಿಳಿ ಕಣಗಳೇ ಇಲ್ಲದ ದೇಹ ಸೋಂಕಿಗೆ ತೆರೆದಿರುತ್ತದೆ, ಬಾಯಿಯೆಲ್ಲ ಹುಣ್ಣಾಗಿ ನುಂಗುವುದೂ ಕಷ್ಟ. ಶೋಧಿಸಿದ ಗಾಳಿಯ ಕೋಣೆ, ಆಂಟಿಬಯಾಟಿಕ್, ವಿಕಿರಣ ಹಾಯಿಸಿದ ರಕ್ತ ಮತ್ತು ಪ್ಲೇಟ್‌ಲೆಟ್‌ಗಳ ಮೇಲೆ ರೋಗಿ ದಿನ ದೂಡುತ್ತಾರೆ. ನ್ಯೂಟ್ರೊಫಿಲ್ ಎಣಿಕೆ ಮೂರು ದಿನ ಸತತವಾಗಿ 500 ದಾಟಿದರೆ ಕಸಿ ಹಿಡಿದಿದೆ ಎನ್ನುತ್ತಾರೆ. ಕಾಲಕ್ರಮದಲ್ಲಿ ರೋಗಿಯ ರಕ್ತದ ಗುಂಪು ದಾನಿಯದಕ್ಕೆ ಬದಲಾಗುತ್ತದೆ; ಬಾಲ್ಯದ ಲಸಿಕೆಗಳನ್ನು ಮೊದಲಿನಿಂದ ಹಾಕಿಸಿಕೊಳ್ಳಬೇಕಾಗುತ್ತದೆ.

ದಾನಿಕೋಶಗಳ ದಾಳಿ: ಹಾನಿ ಮತ್ತು ಲಾಭ

ದಾನಿ ಕಸಿಯ ದೊಡ್ಡ ಅಪಾಯ, ದಾನಿಯ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳು ರೋಗಿಯ ದೇಹವನ್ನೇ ಪರಕೀಯವೆಂದು ಭಾವಿಸಿ ದಾಳಿಯಿಡುವುದು. ಚರ್ಮ, ಕರುಳು, ಯಕೃತ್ತು ಇದರ ಮೊದಲ ಗುರಿಗಳು. ಮೆಥೊಟ್ರೆಕ್ಸೇಟ್ ಮತ್ತು ಸೈಕ್ಲೊಸ್ಪೊರಿನ್ ಜೋಡಿ 1980ರ ದಶಕದಿಂದ ಇದನ್ನು ಹತೋಟಿಯಲ್ಲಿಡುತ್ತಾ ಬಂದಿದೆ.

ಇದೇ ದಾಳಿಗೆ ಇನ್ನೊಂದು ಮುಖವಿದೆ. ತದ್ರೂಪಿ ಅವಳಿಯಿಂದ ಮಜ್ಜೆ ಪಡೆದವರಲ್ಲಿ ಕಸಿ ಸಲೀಸಾಗಿ ಹಿಡಿಯುತ್ತಿತ್ತು, ಆದರೆ ಲ್ಯುಕೇಮಿಯ ಹೆಚ್ಚಾಗಿ ಮರಳುತ್ತಿತ್ತು. ಒಡಹುಟ್ಟಿದವರಿಂದ ಪಡೆದು ದಾಳಿಯ ತೊಂದರೆ ಅನುಭವಿಸಿದವರಲ್ಲಿ ರೋಗ ಮರಳುವುದು ಕಡಿಮೆ ಎಂದು ಸಿಯಾಟಲ್ ತಂಡ 1979ರಲ್ಲಿ ಲೆಕ್ಕ ಸಮೇತ ತೋರಿಸಿತು. ದಾನಿಯ ಟಿ ಕೋಶಗಳನ್ನು ಮೊದಲೇ ಸೋಸಿ ತೆಗೆದಾಗ ದಾಳಿ ತಗ್ಗಿತು, ರೋಗದ ಮರುಕಳಿಕೆ ಹೆಚ್ಚಿತು. 1990ರಲ್ಲಿ ಮ್ಯೂನಿಕ್‌ನ ಹಾನ್ಸ್ ಯೋಹೆಮ್ ಕೋಲ್ಬ್, ಕಸಿಯ ನಂತರ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯ ಮರಳಿದ್ದ ರೋಗಿಗಳಿಗೆ ಮೂಲ ದಾನಿಯ ಬಿಳಿ ಕಣಗಳನ್ನು ಕೊಟ್ಟು ರೋಗವನ್ನು ಮತ್ತೆ ಹಿಮ್ಮೆಟ್ಟಿಸಿದರು. ಕ್ಯಾನ್ಸರನ್ನು ಕೊನೆಗಾಣಿಸುತ್ತಿರುವುದು ಕೀಮೋಥೆರಪಿಯೊಂದೇ ಅಲ್ಲ, ದಾನಿಯ ಕೋಶಗಳೂ ಹೌದು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿರಲಿಲ್ಲ. ಮಜ್ಜೆಯನ್ನು ಪೂರ್ತಿ ಸುಡದೆ, ಸೌಮ್ಯ ಔಷಧಗಳಿಂದ ಜಾಗ ಮಾಡಿಕೊಟ್ಟು ಉಳಿದ ಕೆಲಸವನ್ನು ದಾನಿಕೋಶಗಳಿಗೆ ಬಿಡುವ ಕಸಿ ಈ ತಿಳಿವಳಿಕೆಯ ಫಲ. ಅರವತ್ತು, ಎಪ್ಪತ್ತರ ವಯಸ್ಸಿನವರಿಗೂ ಕಸಿ ಸಾಧ್ಯವಾದದ್ದು ಇದರಿಂದ.

ದಾನಿಯ ಹುಡುಕಾಟ

ಒಡಹುಟ್ಟಿದವರೊಬ್ಬರ ಎಚ್‌ಎಲ್‌ಎ ಪೂರ್ಣ ಹೊಂದುವ ಸಾಧ್ಯತೆ 25%. ಹೊಂದದಿದ್ದರೆ ಸಂಬಂಧವಿಲ್ಲದ ದಾನಿಯನ್ನು ನೋಂದಣಿ ಪಟ್ಟಿಗಳಲ್ಲಿ ಹುಡುಕಬೇಕು. ಇಂಥ ಮೊದಲ ಪಟ್ಟಿ 1974ರಲ್ಲಿ ಲಂಡನ್‌ನಲ್ಲಿ ಆರಂಭವಾಯಿತು. ಈಗ ಜಗತ್ತಿನಾದ್ಯಂತ ನಾಲ್ಕು ಕೋಟಿಗೂ ಹೆಚ್ಚು ದಾನಿಗಳಿದ್ದಾರೆ. ಎಚ್‌ಎಲ್‌ಎ ಗುಣಗಳು ಜನಾಂಗದಿಂದ ಜನಾಂಗಕ್ಕೆ ಬೇರೆಯಾಗುವುದರಿಂದ ಭಾರತೀಯ ರೋಗಿಗೆ ಹೊಂದುವ ದಾನಿ ಭಾರತೀಯ ಮೂಲದವರಲ್ಲೇ ಸಿಗುವ ಸಂಭವ ಹೆಚ್ಚು. ಆದರೆ ಪಟ್ಟಿಗಳಲ್ಲಿರುವ ಭಾರತೀಯರು ಕೆಲವೇ ಲಕ್ಷ. ಚೆನ್ನೈಯ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಪ್ರತಿಷ್ಠಾನಗಳು ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ತೆಗೆದ ಮಾದರಿಯಿಂದ ಹೆಸರು ನೋಂದಾಯಿಸಿಕೊಳ್ಳುತ್ತವೆ.

ಈ ಕೊರತೆಯನ್ನು ದಾಟಲು ಎರಡು ದಾರಿಗಳು ತೆರೆದವು. 1988ರಲ್ಲಿ ಪ್ಯಾರಿಸ್‌ನಲ್ಲಿ ಎಲಿಯಾನ್ ಗ್ಲುಕ್‌ಮನ್, ಫ್ಯಾಂಕೋನಿ ರಕ್ತಹೀನತೆಯ ಬಾಲಕನಿಗೆ ನವಜಾತ ತಂಗಿಯ ಹೊಕ್ಕುಳಬಳ್ಳಿಯ ರಕ್ತವನ್ನು ನೀಡಿ ಗುಣಪಡಿಸಿದರು. ಬಳ್ಳಿಯ ರಕ್ತದ ಕೋಶಗಳು ಎಚ್‌ಎಲ್‌ಎ ವ್ಯತ್ಯಾಸವನ್ನು ಹೆಚ್ಚು ಸಹಿಸುತ್ತವೆ. ಆದರೆ ಒಂದು ಬಳ್ಳಿಯಲ್ಲಿ ಸಿಗುವ ಕೋಶಗಳು ವಯಸ್ಕರಿಗೆ ಸಾಲುವುದಿಲ್ಲ. ಪ್ರಯೋಗಾಲಯದಲ್ಲಿ ಇವುಗಳನ್ನು ಹೆಚ್ಚಿಸಿ ಕೊಡುವ ಒಮಿಡುಬಿಸೆಲ್‌ಗೆ 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

ಎರಡನೆಯದು ಅರ್ಧ ಹೊಂದುವ ದಾನಿಯ ಕಸಿ. ತಂದೆ, ತಾಯಿ, ಮಕ್ಕಳು ಎಲ್ಲರೂ ಅರ್ಧ ಹೊಂದಿಯೇ ಇರುತ್ತಾರೆ. ಹಿಂದೆ ಇಂಥ ಕಸಿಯಲ್ಲಿ ದಾನಿಕೋಶಗಳ ದಾಳಿ ಪ್ರಾಣಾಂತಿಕವಾಗಿತ್ತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ತಂಡ ಕಸಿಯಾದ ಮೂರು ಮತ್ತು ನಾಲ್ಕನೆಯ ದಿನ ಸೈಕ್ಲೊಫಾಸ್ಫಮೈಡ್ ಕೊಡುವ ಉಪಾಯ ಕಂಡುಹಿಡಿಯಿತು. ರೋಗಿಯ ದೇಹವನ್ನು ಕಂಡು ಕೆರಳಿ ವಿಭಜಿಸುತ್ತಿರುವ ಟಿ ಕೋಶಗಳು ಆ ಹೊತ್ತಿಗೆ ಈ ಔಷಧಕ್ಕೆ ಬಲಿಯಾಗುತ್ತವೆ. ಔಷಧವನ್ನು ನಿಷ್ಕ್ರಿಯಗೊಳಿಸುವ ಕಿಣ್ವ ಹೇರಳವಾಗಿರುವ ಆಕರಕೋಶಗಳು ಪಾರಾಗುತ್ತವೆ. ಹಳೆಯ, ಅಗ್ಗದ ಔಷಧವೊಂದರಿಂದ ಹೆಚ್ಚುಕಡಿಮೆ ಪ್ರತಿ ರೋಗಿಗೂ ಮನೆಯಲ್ಲೇ ದಾನಿ ಸಿಕ್ಕಂತಾಯಿತು. ದಾನಿಪಟ್ಟಿ ಚಿಕ್ಕದಿರುವ ಭಾರತಕ್ಕೆ ಇದರ ಉಪಯೋಗ ಬಹಳ.

ಲ್ಯುಕೇಮಿಯದ ಬೇರು

ಆಕರಕೋಶದ ಅಧ್ಯಯನ ರೋಗದ ಹುಟ್ಟಿನ ಮೇಲೂ ಬೆಳಕು ಚೆಲ್ಲಿತು. ಟೊರಾಂಟೊದ ಜಾನ್ ಡಿಕ್ ತಂಡ 1994ರಲ್ಲಿ ತೀವ್ರ ಮೈಲಾಯ್ಡ್ ಲ್ಯುಕೇಮಿಯದ ಕೋಶಗಳನ್ನು ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಿಗೆ ಕೊಟ್ಟು ನೋಡಿತು. ರೋಗವನ್ನು ಮತ್ತೆ ಹುಟ್ಟಿಸಬಲ್ಲ ಕೋಶ ಸುಮಾರು ಎರಡೂವರೆ ಲಕ್ಷಕ್ಕೆ ಒಂದು ಮಾತ್ರ. ಅದರ ಮೇಲ್ಮೈ ಗುರುತುಗಳು ಆಕರಕೋಶವನ್ನು ಹೋಲುತ್ತಿದ್ದವು. ಕೀಮೋಥೆರಪಿ ವಿಭಜಿಸುತ್ತಿರುವ ಕೋಶಗಳನ್ನು ಕೊಲ್ಲುತ್ತದೆ. ಸುಮ್ಮನಿರುವ ಈ ಬೇರು ಉಳಿದುಕೊಂಡು ರೋಗ ಮರಳುತ್ತದೆ ಎಂಬ ವಿವರಣೆ ಇದರಿಂದ ಬಲಗೊಂಡಿತು.

ರೋಗ ಕಾಣಿಸುವ ಎಷ್ಟೋ ವರ್ಷ ಮೊದಲೇ ಆಕರಕೋಶವೊಂದು ಡಿಎನ್‌ಎಂಟಿ3ಎ, ಟಿಇಟಿ2ರಂಥ ಜೀನ್‌ಗಳಲ್ಲಿ ಬದಲಾವಣೆ ಹೊಂದಿ, ತನ್ನ ಸಂತತಿಯನ್ನು ಮಜ್ಜೆಯಲ್ಲಿ ಹೆಚ್ಚಿಸಿಕೊಳ್ಳಬಹುದು ಎಂದು 2014ರ ಅಧ್ಯಯನಗಳು ತೋರಿಸಿದವು. 70 ದಾಟಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ಸ್ಥಿತಿ ಇರುತ್ತದೆ. ಅವರಲ್ಲಿ ರಕ್ತ ಕ್ಯಾನ್ಸರ್‌ಗೆ ತಿರುಗುವುದು ವರ್ಷಕ್ಕೆ ನೂರಕ್ಕೆ ಒಂದರಷ್ಟು ಅಥವಾ ಅದಕ್ಕೂ ಕಡಿಮೆ. ಹೃದಯಾಘಾತದ ಸಂಭವ ಮಾತ್ರ ಗಮನಾರ್ಹವಾಗಿ ಏರುತ್ತದೆ.

ಗುರಿಯಿಟ್ಟ ಔಷಧಗಳು

ಕಸಿಯ ಅಗತ್ಯವನ್ನೇ ತಗ್ಗಿಸಿದ ಔಷಧಗಳಲ್ಲಿ ಇಮಾಟಿನಿಬ್ ಮೊದಲನೆಯದು. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯದಲ್ಲಿ ಪುಟ್ಟ ವರ್ಣತಂತುವೊಂದು ಇರುವುದನ್ನು 1960ರಲ್ಲಿ ಫಿಲಡೆಲ್ಫಿಯದಲ್ಲಿ ಗುರುತಿಸಿದ್ದರು. 9 ಮತ್ತು 22ನೆಯ ವರ್ಣತಂತುಗಳು ತುಂಡು ಬದಲಾಯಿಸಿಕೊಂಡದ್ದರ ಫಲ ಅದು ಎಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಹಾಗೆ ಹುಟ್ಟಿದ ವಿಕೃತ ಕಿಣ್ವವನ್ನು ತಡೆಯುವ ಇಮಾಟಿನಿಬ್ 2001ರಲ್ಲಿ ಬಳಕೆಗೆ ಬಂತು. ಮೊದಲ ದೊಡ್ಡ ಪ್ರಯೋಗದಲ್ಲಿ ಈ ಔಷಧ ಪಡೆದವರಲ್ಲಿ ಸುಮಾರು 83% ಮಂದಿ ಹತ್ತು ವರ್ಷದ ನಂತರವೂ ಬದುಕಿದ್ದರು. ಸುಮ್ಮನಿರುವ ಆಕರಕೋಶಗಳನ್ನು ಇದು ಕೊಲ್ಲದ ಕಾರಣ ಹೆಚ್ಚಿನವರು ಮಾತ್ರೆಯನ್ನು ಬಿಡುವಂತಿಲ್ಲ. ಎರಡು ವರ್ಷ ರೋಗದ ಸುಳಿವೇ ಸಿಗದವರಲ್ಲಿ ಸುಮಾರು ಹತ್ತರಲ್ಲಿ ನಾಲ್ವರು ನಿಲ್ಲಿಸಿಯೂ ನೆಮ್ಮದಿಯಾಗಿರಬಲ್ಲರು ಎಂದು ಫ್ರಾನ್ಸಿನ ಅಧ್ಯಯನ ತೋರಿಸಿತು. ಇದರ ಒಂದು ರೂಪಕ್ಕೆ ಪೇಟೆಂಟ್ ನೀಡಲು 2013ರ ಏಪ್ರಿಲ್ 1ರಂದು ಭಾರತದ ಸುಪ್ರೀಂ ಕೋರ್ಟ್ ನಿರಾಕರಿಸಿತು. ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿದ್ದ ಔಷಧ ದೇಶೀ ತಯಾರಿಕೆಯಲ್ಲಿ ಅದರ ಹತ್ತನೆಯ ಒಂದು ಪಾಲಿಗೆ ದೊರೆಯುವುದು ಮುಂದುವರಿಯಿತು.

ತೀವ್ರ ಪ್ರೋಮೈಲೋಸೈಟಿಕ್ ಲ್ಯುಕೇಮಿಯದ ಕಥೆ ಚೀನಾದ್ದು. ಶಾಂಘೈನ ವಾಂಗ್ ಝೆನ್‌ಯಿ ವಿಟಮಿನ್ ಎ ಮೂಲದ ರೆಟಿನಾಯಿಕ್ ಆಮ್ಲದಿಂದ, ಹಾರ್ಬಿನ್‌ನ ವೈದ್ಯರು ಆರ್ಸೆನಿಕ್ ಟ್ರೈಆಕ್ಸೈಡ್‌ನಿಂದ ಇದನ್ನು ಮಣಿಸಿದರು. ಎರಡನ್ನೂ ಸೇರಿಸಿದರೆ, ಅಪಾಯ ಕಡಿಮೆಯಿರುವ ರೋಗಿಗಳಲ್ಲಿ ಕೀಮೋಥೆರಪಿಯೇ ಬೇಡ ಎಂದು 2013ರಲ್ಲಿ ಇಟಲಿ ಮತ್ತು ಜರ್ಮನಿಯ ಪ್ರಯೋಗ ತೋರಿಸಿತು. ಆರ್ಸೆನಿಕ್ ಒಂದರಿಂದಲೇ ಉತ್ತಮ ಫಲ ಪಡೆಯಬಹುದೆಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಅದಕ್ಕೂ ಮುಂಚೆಯೇ ವರದಿ ಮಾಡಿತ್ತು. ಕೋಶದ ಸಾವನ್ನು ತಡೆಹಿಡಿಯುವ ಪ್ರೋಟೀನನ್ನು ನಿರ್ಬಂಧಿಸುವ ವೆನೆಟೊಕ್ಲಾಕ್ಸ್, ಕಟುವಾದ ಕೀಮೋಥೆರಪಿ ತಾಳಲಾರದ ಹಿರಿಯ ರೋಗಿಗಳಿಗೆ ನೆರವಾಗಿದೆ. ಅಜಾಸಿಟಿಡಿನ್ ಜೊತೆ ಇದನ್ನು ಪಡೆದ ತೀವ್ರ ಮೈಲಾಯ್ಡ್ ಲ್ಯುಕೇಮಿಯ ರೋಗಿಗಳ ಮಧ್ಯಮ ಆಯುಷ್ಯ 9.6 ತಿಂಗಳಿಂದ 14.7 ತಿಂಗಳಿಗೆ ಏರಿತು. ಲಾಭ ನಿಜ, ಗುಣವಾಗುವುದಕ್ಕೆ ಅದು ಇನ್ನೂ ದೂರ.

ಪ್ರತಿಕಾಯ ಮತ್ತು ಕಾರ್-ಟಿ

1997ರಲ್ಲಿ ಬಂದ ರಿಟುಕ್ಸಿಮ್ಯಾಬ್, ಬಿ ಕೋಶಗಳ ಸಿಡಿ20 ಪ್ರೋಟೀನಿಗೆ ಅಂಟಿಕೊಂಡು ಲಿಂಫೋಮ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಮುಂದಿನ ಹೆಜ್ಜೆ ಇಬ್ಬದಿಯ ಪ್ರತಿಕಾಯ: ಬ್ಲಿನಾಟುಮೊಮ್ಯಾಬ್ ಒಂದು ಬದಿಯಿಂದ ಕ್ಯಾನ್ಸರ್ ಕೋಶವನ್ನೂ ಇನ್ನೊಂದರಿಂದ ಟಿ ಕೋಶವನ್ನೂ ಹಿಡಿದು ಹತ್ತಿರ ತರುತ್ತದೆ. ಮಕ್ಕಳ ಲಿಂಫಾಯ್ಡ್ ಲ್ಯುಕೇಮಿಯದಲ್ಲಿ ಇದನ್ನು ಕೀಮೋಥೆರಪಿಗೆ ಸೇರಿಸಿದಾಗ ಮೂರು ವರ್ಷ ರೋಗಮುಕ್ತರಾಗಿ ಉಳಿದವರ ಪ್ರಮಾಣ 87.9%ರಿಂದ 96%ಕ್ಕೆ ಏರಿತೆಂದು 2024ರ ಕೊನೆಯಲ್ಲಿ ವರದಿಯಾಯಿತು.

ಕಾರ್-ಟಿ ಚಿಕಿತ್ಸೆಯಲ್ಲಿ ರೋಗಿಯದೇ ಟಿ ಕೋಶಗಳನ್ನು ರಕ್ತದಿಂದ ಬೇರ್ಪಡಿಸಿ, ನಿರುಪದ್ರವಿಯಾಗಿಸಿದ ವೈರಸ್ ಮೂಲಕ ಹೊಸ ಜೀನೊಂದನ್ನು ಸೇರಿಸುತ್ತಾರೆ. ಅದರಿಂದ ಕೋಶದ ಮೇಲೆ ಕೃತಕ ಗ್ರಾಹಕವೊಂದು ಮೂಡಿ, ಕ್ಯಾನ್ಸರ್ ಕೋಶದ ಸಿಡಿ19ರಂಥ ಗುರುತನ್ನು ನೇರವಾಗಿ ಪತ್ತೆಹಚ್ಚುತ್ತದೆ. ಕೋಶಗಳನ್ನು ಕೋಟಿಗಟ್ಟಲೆ ಬೆಳೆಸಿ ಒಮ್ಮೆ ದೇಹಕ್ಕೆ ಬಿಟ್ಟರೆ ಅವು ಅಲ್ಲಿ ಮತ್ತೂ ಹೆಚ್ಚುತ್ತವೆ, ಕೆಲವರಲ್ಲಿ ವರ್ಷಗಟ್ಟಲೆ ಕಾವಲಿರುತ್ತವೆ. ದಾನಿಯ ಟಿ ಕೋಶಗಳು ಎಲ್ಲೆಂದರಲ್ಲಿ ದಾಳಿಯಿಟ್ಟು ಸಾಧಿಸುತ್ತಿದ್ದುದನ್ನು ಇಲ್ಲಿ ಗೊತ್ತುಪಡಿಸಿದ ಗುರಿಗೆ ಸೀಮಿತಗೊಳಿಸಲಾಗಿದೆ. ಇಸ್ರೇಲಿನ ಝೆಲಿಗ್ ಎಶ್ಹರ್ ಈ ಕಲ್ಪನೆಗೆ ಮೊದಲ ರೂಪ ಕೊಟ್ಟವರು. ಮಿಶೆಲ್ ಸಾದೆಲೇನ್, ಕಾರ್ಲ್ ಜೂನ್ ಮೊದಲಾದವರು ಅದನ್ನು ಚಿಕಿತ್ಸೆಯಾಗಿಸಿದರು.

2012ರಲ್ಲಿ ಫಿಲಡೆಲ್ಫಿಯದಲ್ಲಿ ಲ್ಯುಕೇಮಿಯ ಮರುಕಳಿಸಿದ್ದ ಆರು ವರ್ಷದ ಬಾಲಕಿಗೆ ಈ ಕೋಶಗಳನ್ನು ಕೊಟ್ಟರು. ಕೆಲವೇ ದಿನಗಳಲ್ಲಿ ಜ್ವರ ಏರಿ, ರಕ್ತದೊತ್ತಡ ಕುಸಿದು, ಉಸಿರಾಟಕ್ಕೆ ಯಂತ್ರದ ಆಸರೆ ಬೇಕಾಯಿತು. ರಕ್ತಪರೀಕ್ಷೆಯಲ್ಲಿ ಇಂಟರ್‌ಲ್ಯುಕಿನ್-6 ಎಂಬ ಉರಿಯೂತದ ವಸ್ತು ವಿಪರೀತ ಹೆಚ್ಚಿದ್ದು ಕಂಡಿತು. ಅದನ್ನು ತಡೆಯುವ ಟೊಸಿಲಿಜುಮ್ಯಾಬ್ ಎಂಬ ಸಂಧಿವಾತದ ಔಷಧ ಕೊಟ್ಟ ಮೇಲೆ ಮಗು ಚೇತರಿಸಿಕೊಂಡಿತು; ಲ್ಯುಕೇಮಿಯ ಮರಳಲಿಲ್ಲ. ಈ ಉರಿಯೂತದ ಅಬ್ಬರ ಮತ್ತು ನರಮಂಡಲದ ಗೊಂದಲ ಇಂದಿಗೂ ಕಾರ್-ಟಿಯ ಮುಖ್ಯ ಅಡ್ಡಪರಿಣಾಮಗಳು, ಟೊಸಿಲಿಜುಮ್ಯಾಬ್ ಮೊದಲನೆಯದಕ್ಕೆ ಮುಖ್ಯ ಮದ್ದು. 2017ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಮೊದಲ ಕಾರ್-ಟಿ ಉತ್ಪನ್ನಕ್ಕೆ ಪರವಾನಗಿ ಸಿಕ್ಕಿತು. ಆಗ ಅದರ ಬೆಲೆ 4,75,000 ಡಾಲರ್ ಇತ್ತು. ಲಿಂಫೋಮ ಮತ್ತು ಮೈಲೋಮಕ್ಕೂ ಉತ್ಪನ್ನಗಳು ಬಂದವು. ಗುರುತು ಕಳೆದುಕೊಂಡ ಕ್ಯಾನ್ಸರ್ ಕೋಶಗಳಿಂದ ರೋಗ ಮರಳುವುದು ಉಳಿದಿರುವ ಸಮಸ್ಯೆ. ಅಪರೂಪವಾಗಿ ಟಿ ಕೋಶಗಳದೇ ಕ್ಯಾನ್ಸರ್ ಕಾಣಿಸಿದ ಕಾರಣ 2024ರಲ್ಲಿ ಇವುಗಳ ಮೇಲೆ ಎಚ್ಚರಿಕೆ ನಮೂದಿಸುವಂತೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸೂಚಿಸಿತು.

ಭಾರತ ಮತ್ತು ಕರ್ನಾಟಕ

ಭಾರತದ ಮೊದಲ ಯಶಸ್ವಿ ದಾನಿ ಕಸಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಸುರೇಶ್ ಅಡ್ವಾಣಿ ನೇತೃತ್ವದಲ್ಲಿ ನಡೆಯಿತು. 1986ರಲ್ಲಿ ವೆಲ್ಲೂರಿನಲ್ಲಿ ಮ್ಯಾಮೆನ್ ಚಾಂಡಿ ಆರಂಭಿಸಿದ ಘಟಕ ದೇಶದ ಪ್ರಮುಖ ಕೇಂದ್ರಗಳಲ್ಲೊಂದಾಗಿ ಬೆಳೆಯಿತು. ಬೆಂಗಳೂರಿನಲ್ಲಿ ಸರ್ಕಾರಿ ವಲಯದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಲ್ಲೂ ಹಲವು ಖಾಸಗಿ ಆಸ್ಪತ್ರೆಗಳಲ್ಲೂ ಕಸಿ ಘಟಕಗಳಿವೆ. ಮೂಲಸಂಶೋಧನೆಗೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ 2009ರಲ್ಲಿ ಸ್ಥಾಪನೆಯಾಯಿತು. ವೆಲ್ಲೂರಿನ ಆಕರಕೋಶ ಸಂಶೋಧನಾ ಕೇಂದ್ರ ಇದರ ಅಂಗ. ಅಲ್ಲಿ ರೋಗಿಯದೇ ಆಕರಕೋಶಕ್ಕೆ ಜೀನ್ ಸೇರಿಸಿ ಹೀಮೊಫಿಲಿಯ ಎ ರೋಗಕ್ಕೆ ನಡೆಸಿದ ಚಿಕಿತ್ಸೆಯ ಫಲಿತಾಂಶ 2024ರಲ್ಲಿ ಪ್ರಕಟವಾಗಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ತಂಡ ಹಣ್ಣುನೊಣ ಮತ್ತು ಇಲಿಗಳಲ್ಲಿ ರಕ್ತದ ಆಕರಕೋಶಗಳ ಸಮತೋಲವನ್ನು ಕಾಯುವ ಅಸ್ರಿಜ್ ಪ್ರೋಟೀನನ್ನು ಅಧ್ಯಯನ ಮಾಡಿದೆ.

ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರ ಸೇರಿ ರೂಪಿಸಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಪರವಾನಗಿ ಸಿಕ್ಕಿತು. ದೇಶದಲ್ಲೇ ತಯಾರಾದ ಮೊದಲ ಕಾರ್-ಟಿ ಇದು. 2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ಲೋಕಾರ್ಪಣೆ ಮಾಡಿದರು. ಪ್ರಯೋಗದಲ್ಲಿ ಇದಕ್ಕೆ 73% ರೋಗಿಗಳು ಸ್ಪಂದಿಸಿದರು. ಕಿರಣ್ ಮಜುಂದಾರ್ ಷಾ, ಸಿದ್ಧಾರ್ಥ ಮುಖರ್ಜಿ ಮತ್ತು ಕುಶ್ ಪರ್ಮಾರ್ ಸ್ಥಾಪಿಸಿದ ಬೆಂಗಳೂರಿನ ಇಮ್ಯುನೀಲ್, ಬಾರ್ಸಿಲೋನದ ಆಸ್ಪತ್ರೆಯೊಂದರ ತಂತ್ರಜ್ಞಾನವನ್ನು ಆಧರಿಸಿ ಬೊಮ್ಮಸಂದ್ರದ ಘಟಕದಲ್ಲಿ ತಯಾರಿಸುವ ಕಾರ್ಟೆಮಿಯನ್ನು 2025ರ ಜನವರಿಯಲ್ಲಿ ಲಿಂಫೋಮ ರೋಗಿಗಳಿಗಾಗಿ ಬಿಡುಗಡೆ ಮಾಡಿತು. ಇವುಗಳ ಬೆಲೆ ಅಮೆರಿಕದ ಉತ್ಪನ್ನಗಳಿಗಿಂತ ಎಷ್ಟೋ ಕಡಿಮೆ. ಆದರೂ ಲೆಕ್ಕ ಹತ್ತಾರು ಲಕ್ಷ ರೂಪಾಯಿಗಳಲ್ಲೇ ಇದೆ.

ಮುಂದಿನ ಸಂಶೋಧನೆ

ಮುಂದಿನ ಕೆಲಸ ಮೂರು ದಿಕ್ಕುಗಳಲ್ಲಿ ಸಾಗಿದೆ. ಒಂದು, ರೋಗಿಯ ಕೋಶಗಳ ಬದಲು ದಾನಿಯ ಕೋಶಗಳಿಂದ ಮೊದಲೇ ತಯಾರಿಸಿಡುವ ಸಿದ್ಧಕೋಶ. ಲಂಡನ್‌ನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ 2022ರಲ್ಲಿ ಹದಿಮೂರು ವರ್ಷದ ಹುಡುಗಿಯೊಬ್ಬಳ ಟಿ ಕೋಶ ಲ್ಯುಕೇಮಿಯಕ್ಕೆ, ಡಿಎನ್‌ಎಯ ಒಂದೊಂದೇ ಅಕ್ಷರ ತಿದ್ದಿ ಸಜ್ಜುಗೊಳಿಸಿದ ದಾನಿಯ ಕಾರ್-ಟಿ ಕೋಶಗಳನ್ನು ಮೊದಲ ಬಾರಿ ಬಳಸಲಾಯಿತು. ಎರಡು, ದೇಹದೊಳಗೇ ಟಿ ಕೋಶಗಳನ್ನು ಮಾರ್ಪಡಿಸಿ ಕಾರ್ಖಾನೆಯ ಹಂತವನ್ನೇ ಕೈಬಿಡುವ ಪ್ರಯತ್ನ. ಇದರ ಆರಂಭಿಕ ಮಾನವ ಪ್ರಯೋಗಗಳು ನಡೆಯುತ್ತಿವೆ. ಮೂರು, ಆಕರಕೋಶದ ತಯಾರಿ. ಶಿನ್ಯಾ ಯಮನಾಕ 2006ರಲ್ಲಿ ತೋರಿಸಿದ ವಿಧಾನದಿಂದ ಚರ್ಮದಂಥ ಸಾಮಾನ್ಯ ಕೋಶವನ್ನು ಭ್ರೂಣಸದೃಶ ಸ್ಥಿತಿಗೆ ಮರಳಿಸಬಹುದು. ಅಂಥ ಕೋಶಗಳಿಂದ ಪಡೆದ ಮಾನವ ರಕ್ತದ ಆಕರಕೋಶಗಳು ಇಲಿಗಳ ಮಜ್ಜೆಯಲ್ಲಿ ನೆಲೆಯೂರಿದ್ದನ್ನು ಮೆಲ್ಬರ್ನ್‌ನ ಮರ್ಡಾಕ್ ಸಂಸ್ಥೆ 2024ರಲ್ಲಿ ವರದಿ ಮಾಡಿತು. ದಾನಿಯ ಆಕರಕೋಶದಿಂದ ಸಿಡಿ33 ಗುರುತನ್ನು ಅಳಿಸಿ ಕಸಿ ಮಾಡಿ, ಬಳಿಕ ಸಿಡಿ33 ವಿರೋಧಿ ಔಷಧ ಕೊಟ್ಟು ಲ್ಯುಕೇಮಿಯವನ್ನಷ್ಟೇ ಹೊಡೆಯುವ ಪ್ರಯೋಗವೂ ನಡೆದಿದೆ.

ನಿಯಂತ್ರಣ ಮತ್ತು ಲಭ್ಯತೆ

ಆಕರಕೋಶದ ಹೆಸರಿನಲ್ಲಿ ಮಂಡಿನೋವಿನಿಂದ ಆಟಿಸಂವರೆಗೆ ಎಲ್ಲಕ್ಕೂ ಚಿಕಿತ್ಸೆ ಮಾರುವ ಕ್ಲಿನಿಕ್‌ಗಳು ದೇಶದಲ್ಲಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಮತ್ತು ರೋಗನಿರೋಧಕ ವ್ಯೂಹದ ಕಾಯಿಲೆಗಳಿಗೆ ಮಾಡುವ ರಕ್ತದ ಆಕರಕೋಶ ಕಸಿಯೊಂದೇ ಅಂಗೀಕೃತ ಚಿಕಿತ್ಸೆ. ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗವಾಗಿ ಮಾತ್ರ ನಡೆಯಬೇಕು, ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಮಗುವಿನ ಭವಿಷ್ಯಕ್ಕೆ ವಿಮೆಯೆಂದು ಹೊಕ್ಕುಳಬಳ್ಳಿಯ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿಡುವುದನ್ನೂ ಮಂಡಳಿ ಶಿಫಾರಸು ಮಾಡುವುದಿಲ್ಲ. ಆ ಮಗುವಿಗೇ ಮುಂದೆ ಲ್ಯುಕೇಮಿಯ ಬಂದರೆ ಅದರ ಬೀಜ ಬಳ್ಳಿಯ ರಕ್ತದಲ್ಲೂ ಇರಬಹುದು, ಮೇಲಾಗಿ ದಾನಿಯ ಕೋಶಗಳಿಗಿರುವ ಕ್ಯಾನ್ಸರ್ ವಿರೋಧಿ ಶಕ್ತಿ ಸ್ವಂತ ಕೋಶಗಳಿಗೆ ಇರುವುದಿಲ್ಲ.

ಭಾರತದಲ್ಲಿ ಚಿಕಿತ್ಸೆಯ ಮಿತಿ ಈಗ ಬಹುಮಟ್ಟಿಗೆ ಪ್ರಯೋಗಾಲಯದ ಹೊರಗಿದೆ. ಖಾಸಗಿ ಆಸ್ಪತ್ರೆಯಲ್ಲಿ ದಾನಿ ಕಸಿಯ ವೆಚ್ಚ ಹತ್ತು ಲಕ್ಷ ರೂಪಾಯಿಗಳನ್ನು ಸುಲಭವಾಗಿ ದಾಟುತ್ತದೆ, ಮನೆಯವರು ತಿಂಗಳುಗಟ್ಟಲೆ ನಗರದಲ್ಲಿ ಉಳಿಯಬೇಕಾಗುತ್ತದೆ, ಸರ್ಕಾರಿ ಘಟಕಗಳಲ್ಲಿ ಹಾಸಿಗೆಗಳು ಕಡಿಮೆ. ಅಗ್ಗದ ಇಮಾಟಿನಿಬ್, ಆರ್ಸೆನಿಕ್, ಕಸಿಯ ನಂತರದ ಸೈಕ್ಲೊಫಾಸ್ಫಮೈಡ್ ಇವು ಇಲ್ಲಿನ ರೋಗಿಗಳಿಗೆ ಮಾಡಿದ ಉಪಕಾರ ದುಬಾರಿ ಆವಿಷ್ಕಾರಗಳಿಗಿಂತ ಹೆಚ್ಚು. ದೇಶೀ ಕಾರ್-ಟಿ ಈ ಸಾಲಿಗೆ ಸೇರುವುದೇ ಎಂಬುದು ಅದರ ಬೆಲೆಯನ್ನು, ಆರೋಗ್ಯ ವಿಮಾ ಯೋಜನೆಗಳು ಅದನ್ನು ಭರಿಸುವುದನ್ನು ಮತ್ತು ಜಿಲ್ಲಾಮಟ್ಟದಲ್ಲಿ ರೋಗವನ್ನು ಬೇಗ ಪತ್ತೆಹಚ್ಚುವ ವ್ಯವಸ್ಥೆ ಬೆಳೆಯುವುದನ್ನು ಅವಲಂಬಿಸಿದೆ.